ತಲೆ ಬೋಳಿಸಿಕೊಂಡವನ ದೀರ್ಘಾವಧಿ ವಿಮರ್ಶೆ: ನೆಮ್ಮದಿಗೆ ಪೂರ್ಣ ಅಂಕ, ನಿರ್ವಹಣೆಗೆ ಅರ್ಧ

ಹೊಸದಾಗಿ ತಲೆ ಬೋಳಿಸಿಕೊಂಡವರು ಮೊದಲ ವಾರದಲ್ಲೇ ಬರೆಯುವ ಮೆಚ್ಚುಗೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ವಾರ ಎಲ್ಲವೂ ಹಗುರವಾಗಿಯೇ ಕಾಣುತ್ತದೆ. ನಾನು ನಲವತ್ತು ದಾಟಿದ ಮೇಲೆ ಬೋಳಿಸಿಕೊಂಡವನು. ಅಲ್ಲಿಂದೀಚೆಗೆ ಹಲವು ಬೇಸಿಗೆ, ಹಲವು ಚಳಿಗಾಲಗಳನ್ನು ಈ ತಲೆಯಲ್ಲೇ ಕಳೆದಿದ್ದೇನೆ. ಕೈ ರೇಜರ್, ಟ್ರಿಮ್ಮರ್, ತಲೆಗೆಂದೇ ಮಾಡಿದ ವಿದ್ಯುತ್ ಶೇವರ್ ಮೂರನ್ನೂ ಸವೆಸಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಬೋಳುತಲೆ ಒಮ್ಮೆ ಕೊಂಡು ಮರೆಯುವ ವಸ್ತುವಲ್ಲ, ವಾರ ವಾರವೂ ಕಂತು ಕಟ್ಟುವ ಚಂದಾ. ಕಂತು ದೊಡ್ಡದೇನಲ್ಲ. ಆದರೆ ಅಂಥದ್ದೊಂದು ಇದೆ ಎನ್ನುವುದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ.

ನನ್ನದು ಗಂಡಸರಲ್ಲಿ ಎಲ್ಲೆಡೆ ಕಾಣುವ ಸಾಮಾನ್ಯ ಕೂದಲುದುರುವಿಕೆ. ಟೆಸ್ಟೋಸ್ಟಿರಾನ್‌ನಿಂದ ದೇಹದಲ್ಲೇ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಮುಂದಲೆ ಮತ್ತು ನೆತ್ತಿಯ ಕೂದಲ ಬುಡಗಳು ವಂಶವಾಹಿಯ ಕಾರಣದಿಂದ ಮಣಿಯುತ್ತವೆ. ಪ್ರತಿ ಸುತ್ತಿನಲ್ಲೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡವಾಗಿ ಬರುತ್ತದೆ. ಕೊನೆಗೆ ಕಣ್ಣಿಗೆ ಕಾಣದ ನವಿರಾಗಿ ಉಳಿಯುತ್ತದೆ. ಕಿವಿಗಳ ಮೇಲಿನ ಮತ್ತು ಹಿಂದಲೆಯ ಕೂದಲು ಇದಕ್ಕೆ ಜಗ್ಗುವುದಿಲ್ಲವಾದ್ದರಿಂದ ಲಾಳದ ಆಕಾರದ ಪಟ್ಟಿಯೊಂದು ಉಳಿದುಕೊಳ್ಳುತ್ತದೆ. 1951ರಲ್ಲಿ ಹ್ಯಾಮಿಲ್ಟನ್ ಮಾಡಿದ ವರ್ಗೀಕರಣವನ್ನು 1975ರಲ್ಲಿ ನಾರ್‌ವುಡ್ ಪರಿಷ್ಕರಿಸಿದರು. ವೈದ್ಯರು ಇಂದಿಗೂ ಬಳಸುವ ಆ ಏಳು ಹಂತಗಳ ಅಳತೆಗೋಲಿನಲ್ಲಿ ನಾನು ಐದರ ಹತ್ತಿರ ಇದ್ದೆ.

ಅಷ್ಟರವರೆಗೆ ಕೈಕಟ್ಟಿ ಕೂತಿರಲಿಲ್ಲ. ಮಿನಾಕ್ಸಿಡಿಲ್ ಹಚ್ಚುತ್ತಿದ್ದೆ. ಮೂಲತಃ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಔಷಧ ಅದು. ಮೈಮೇಲೆ ಕೂದಲು ಬೆಳೆಸುತ್ತದೆ ಎಂಬ ಅಡ್ಡಪರಿಣಾಮವೇ ಅದಕ್ಕೆ ಎರಡನೆಯ ಜನ್ಮ ಕೊಟ್ಟಿತು, 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚಲು ಒಪ್ಪಿಗೆ ಸಿಕ್ಕಿತು. ನನಗೆ ಅದು ಕೆಲಸ ಮಾಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಉದುರುವ ವೇಗ ತಗ್ಗಿತು. ಆದರೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ದಿನವೂ ಹಚ್ಚಿ, ಒಣಗುವವರೆಗೆ ಕಾದು, ಉಳಿದ ನಾಲ್ಕು ಎಳೆಗಳನ್ನು ಕಾಯುತ್ತ ಕೂರುವ ಆ ಕಾವಲು ಕೆಲಸವೇ ನನಗೆ ಬೇಸರ ತಂದದ್ದು. 1997ರಿಂದ ಇದೇ ಉದ್ದೇಶಕ್ಕೆ ಮಾತ್ರೆಯಾಗಿ ಸಿಗುವ ಫಿನಾಸ್ಟರೈಡ್ ಬಗ್ಗೆಯೂ ವೈದ್ಯರೊಂದಿಗೆ ಮಾತಾಡಿದೆ. ಲೈಂಗಿಕ ಆಸಕ್ತಿ ಕುಗ್ಗುವಂಥ ಅಡ್ಡಪರಿಣಾಮ ಕೆಲವರಲ್ಲಿ ಕಾಣಿಸುತ್ತದೆ. ಜೊತೆಗೆ ಅದು ಪ್ರಾಸ್ಟೇಟ್ ತಪಾಸಣೆಯ ಪಿಎಸ್ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ನನ್ನ ವಯಸ್ಸಿನವರು ಅದನ್ನು ನುಂಗುತ್ತಿದ್ದರೆ ರಕ್ತ ಪರೀಕ್ಷೆ ಬರೆಯುವ ವೈದ್ಯರಿಗೆ ತಪ್ಪದೆ ಹೇಳಬೇಕು. ನಾನು ಶುರು ಮಾಡಲಿಲ್ಲ. ಅದರಿಂದ ಒಳ್ಳೆಯ ಫಲ ಕಂಡ ಗೆಳೆಯರಿದ್ದಾರೆ, ಅವರ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ.

ಕೂದಲು ಕಸಿಯ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಕಸಿಗೆ ಬೇಕಾದ ಬುಡಗಳನ್ನು ಹಿಂದಲೆಯಿಂದಲೇ ತೆಗೆಯುತ್ತಾರೆ. ಚರ್ಮದ ಪಟ್ಟಿ ಕತ್ತರಿಸಿ ತೆಗೆದರೆ ಉದ್ದನೆಯ ಗೆರೆ ಉಳಿಯುತ್ತದೆ, ಒಂದೊಂದೇ ಬುಡ ಕಿತ್ತರೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಉಳಿಯುತ್ತವೆ. ಕೂದಲಿದ್ದಾಗ ಇವು ಕಾಣುವುದಿಲ್ಲ, ಬೋಳಿಸಿದರೆ ಕಾಣುತ್ತವೆ. ಆದ್ದರಿಂದ "ಮೊದಲು ಕಸಿ ಮಾಡಿಸೋಣ, ಒಗ್ಗದಿದ್ದರೆ ಬೋಳಿಸೋಣ" ಎನ್ನುವ ಲೆಕ್ಕ ತಲೆಕೆಳಗಾದದ್ದು. ಬೋಳಿಸಿದ್ದು ಹಿಡಿಸದಿದ್ದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ಕೂದಲು ಮರಳಿ ಬರುತ್ತದೆ. ಗಾಯದ ಗುರುತು ಹೋಗುವುದಿಲ್ಲ. ಎರಡರಲ್ಲಿ ಹಿಂದಿರುಗಲು ಸಾಧ್ಯವಿರುವ ದಾರಿಯನ್ನು ಮೊದಲು ನಡೆದು ನೋಡುವುದೇ ಸರಿ.

ಇದೆಲ್ಲಕ್ಕೂ ಮುಂಚೆ, ಕೂದಲು ದುಂಡಗೆ ತೇಪೆ ತೇಪೆಯಾಗಿ ಹೋಗುತ್ತಿದ್ದರೆ, ತುರಿಕೆ, ಉರಿ, ಹುಣ್ಣು ಇದ್ದರೆ, ಅಥವಾ ಕೆಲವೇ ವಾರಗಳಲ್ಲಿ ಹಿಡಿ ಹಿಡಿಯಾಗಿ ಉದುರಿದರೆ ಚರ್ಮವೈದ್ಯರ ಬಳಿಗೆ ಹೋಗಿ. ಅದು ಈ ಬಗೆಯ ಉದುರುವಿಕೆಯಲ್ಲ, ಬೋಳಿಸಿಕೊಳ್ಳುವುದು ಅದಕ್ಕೆ ಮದ್ದೂ ಅಲ್ಲ.

ಒಮ್ಮೆಗೇ ನುಣ್ಣಗೆ ಬೋಳಿಸಬೇಕಿಲ್ಲ. ನಾನು ಮೊದಲು ಟ್ರಿಮ್ಮರಿಗೆ ಮೂರು ಮಿಲಿಮೀಟರಿನ ಬಾಚಣಿಗೆ ಹಾಕಿ ಕತ್ತರಿಸಿದೆ, ಕೆಲವು ವಾರ ಹಾಗೆಯೇ ಓಡಾಡಿದೆ, ಆಮೇಲೆ ಬಾಚಣಿಗೆ ತೆಗೆದೆ. ಈ ನಡುವಿನ ಹಂತದಲ್ಲಿ ತಲೆಯ ಆಕಾರ ಗೊತ್ತಾಗುತ್ತದೆ: ಹಿಂದೆ ಚಪ್ಪಟೆಯೋ, ಉಬ್ಬುಗಳೆಲ್ಲಿ, ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆ ಎಲ್ಲಿ. ನೆತ್ತಿಯ ಚರ್ಮ ಮುಖಕ್ಕಿಂತ ತಿಳಿಯಾಗಿರುವುದರಿಂದ ಆರಂಭದಲ್ಲಿ ಟೊಪ್ಪಿ ಹಾಕಿದಂತೆ ಎರಡು ಬಣ್ಣ ಕಾಣುತ್ತದೆ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಅದನ್ನು ಬೇಗ ಸರಿಮಾಡಲೆಂದು ಬಿಸಿಲಿಗೆ ಕೂರುವ ಸಾಹಸ ಬೇಡ.

ಈಗ ಸಲಕರಣೆಗಳ ವಿಷಯ. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ.

ಕೈ ರೇಜರಿನ ನುಣುಪಿಗೆ ಸಾಟಿಯಿಲ್ಲ, ಮೊದಲ ದಿನ. ಬಹು ಅಲಗಿನ ರೇಜರ್ ಕೂದಲನ್ನು ಸ್ವಲ್ಪ ಎಳೆದು ಕತ್ತರಿಸುವುದರಿಂದ ಮೊನೆ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಕೂದಲು ಗುಂಗುರಾಗಿದ್ದರೆ ಆ ಮೊನೆ ಮೇಲೆ ಬರುವ ಬದಲು ಚರ್ಮದೊಳಗೇ ಬಾಗಿ ಬೆಳೆದು ಗುಳ್ಳೆಯಾಗುತ್ತದೆ. ನನಗೆ ಕತ್ತಿನ ಹಿಂದೆ ಹೀಗಾಗುತ್ತಿತ್ತು. ಒಂದು ಅಲಗಿನ ಸೇಫ್ಟಿ ರೇಜರಿನಲ್ಲಿ ಈ ಕಾಟ ಕಡಿಮೆ, ಆದರೆ ಕಿವಿಯ ಹಿಂದಿನ ತಿರುವಿನಲ್ಲಿ ಕೈ ನಡುಗಿದರೆ ಗೀರು ಖಚಿತ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಸಣ್ಣ ಗೀರೂ ದೊಡ್ಡ ಗಾಯದಂತೆ ಸುರಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬ್ಲೇಡಿನ ಗೊಡವೆಗೇ ಹೋಗದಿರುವುದು ಒಳಿತು. ಬಳಸಲೇಬೇಕೆಂದಿದ್ದರೆ ಬೆಚ್ಚನೆಯ ನೀರಿನ ಸ್ನಾನದ ನಂತರ, ಜೆಲ್ ಹಚ್ಚಿ, ಕೂದಲು ಮಲಗಿದ ದಿಕ್ಕಿನಲ್ಲೇ ಎಳೆಯಿರಿ. ಸುಳಿ ಇರುವಲ್ಲಿ ಆ ದಿಕ್ಕು ಸುತ್ತುತ್ತ ಹೋಗುತ್ತದೆ. ಅಲ್ಲಿ ಕಣ್ಣಿಗಿಂತ ಎಡಗೈ ಬೆರಳನ್ನು ನಂಬಬೇಕು. ಬ್ಲೇಡನ್ನು ಮನೆಯವರೊಂದಿಗೂ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ, ಸಿ ಎರಡೂ ರಕ್ತದ ಮೂಲಕ ಹರಡುವಂಥವು.

ತಲೆಗೆಂದೇ ಬರುವ ವಿದ್ಯುತ್ ಶೇವರಿನಲ್ಲಿ ಐದಾರು ದುಂಡನೆಯ ತಿರುಗು ಅಲಗುಗಳಿರುತ್ತವೆ, ಅಂಗೈಯಲ್ಲಿ ಹಿಡಿದು ತಲೆ ಸವರಿದಂತೆ ಸವರಬೇಕು. ಕನ್ನಡಿ ಬೇಡ, ಗೀರಿನ ಭಯವಿಲ್ಲ, ಸ್ನಾನದ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಇದು ಶಿಸ್ತಿನವರ ಯಂತ್ರ. ಎರಡು ದಿನದ ಕೂದಲನ್ನು ಸಲೀಸಾಗಿ ತೆಗೆಯುತ್ತದೆ; ವಾರ ಬಿಟ್ಟು ಹಿಡಿದರೆ ಕತ್ತರಿಸುವ ಬದಲು ಕೀಳುತ್ತದೆ. ಹಿಂದಲೆ ಕತ್ತಿಗೆ ಸೇರುವ ಮಡಿಕೆಯಲ್ಲಿ ಯಾವಾಗಲೂ ಒಂದೆರಡು ಎಳೆ ಬಿಟ್ಟೇ ಬಿಡುತ್ತದೆ. ಜಾಹೀರಾತಿನಲ್ಲಿ ಕೆಲವೇ ಕ್ಷಣಗಳಲ್ಲಿ ಮುಗಿಸುವವರಿಗೆ ಬಹುಶಃ ಕತ್ತು ಇರುವುದಿಲ್ಲ. ಜಾಲರಿ ಹಾಳೆಯ ಶೇವರ್ ಇದಕ್ಕಿಂತ ನುಣ್ಣಗೆ ತೆಗೆಯುತ್ತದೆ, ಆದರೆ ಚಪ್ಪಟೆ ಮೂತಿಯಿಂದ ದುಂಡನೆಯ ತಲೆಯನ್ನು ಕ್ರಮಿಸಲು ಹೊತ್ತು ಹಿಡಿಯುತ್ತದೆ.

ನಾನು ಕೊನೆಗೆ ನೆಲೆನಿಂತದ್ದು ಬಾಚಣಿಗೆ ತೆಗೆದ ಸಾದಾ ಟ್ರಿಮ್ಮರಿನಲ್ಲಿ. ಅದು ಸುಮಾರು ಅರ್ಧ ಮಿಲಿಮೀಟರ್ ಉಳಿಸುತ್ತದೆ. ಕೂದಲು ದಿನಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಬೆಳೆಯುತ್ತದೆ. ಅಂದರೆ ಇವತ್ತು ಬ್ಲೇಡು ಹಾಕಿದ ತಲೆ ನಾಡಿದ್ದಿನ ಹೊತ್ತಿಗೆ ಟ್ರಿಮ್ಮರ್ ಹಾಕಿದ ತಲೆಯ ಮಟ್ಟಕ್ಕೆ ಬಂದಿರುತ್ತದೆ. ಆ ಒಂದೂವರೆ ದಿನದ ನುಣುಪಿಗಾಗಿ ಗುಳ್ಳೆ, ಗೀರು, ಉರಿಗಳನ್ನು ಸಹಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಾರಾಟಗಾರರ ನುಣುಪಿನ ಹುಚ್ಚು ಸಾಮಾನ್ಯ ಮನುಷ್ಯನಿಗೆ ಬೇಕಾಗಿಲ್ಲ. ಉಳಿದ ಪಟ್ಟಿಗೂ ಬೋಳಾದ ನೆತ್ತಿಗೂ ನಡುವಿನ ಗಡಿ ಮಸುಕಾದರೆ ಸಾಕು. ತಲೆಚರ್ಮದಲ್ಲಿ ಸೋರಿಯಾಸಿಸ್ ಇರುವವರಿಗೆ, ಗಾಯವಾದಲ್ಲಿ ಗಂಟು ಕಟ್ಟುವ ಚರ್ಮದವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬ ಆಸೆ ಯಾರಿಗಾದರೂ ಉಳಿದಿದ್ದರೆ, 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಅದನ್ನು ಪರೀಕ್ಷಿಸಿ ಹಾಗೇನೂ ಆಗುವುದಿಲ್ಲವೆಂದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಎನಿಸುತ್ತದೆ, ಅಷ್ಟೇ.

ಚಂದಾದ ಮುಖ್ಯ ಕಂತು ಕ್ಷೌರಕ್ಕಲ್ಲ, ಚರ್ಮಕ್ಕೆ. ನೆತ್ತಿ ನೇರವಾಗಿ ಆಕಾಶಕ್ಕೆ ಮುಖಮಾಡಿರುವ ಜಾಗ. ಮೈಯ ಬೇರಾವ ಭಾಗಕ್ಕೂ ಇಷ್ಟು ನೆಟ್ಟನೆಯ ಬಿಸಿಲು ತಾಗುವುದಿಲ್ಲ. ವರ್ಷಗಟ್ಟಲೆ ಬಿಸಿಲು ಕುಡಿದ ಬೋಳುನೆತ್ತಿಯಲ್ಲಿ ಒರಟು ಪೊರೆಗಳೂ ಚರ್ಮದ ಕ್ಯಾನ್ಸರೂ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹೊರಗೆ ಹೆಚ್ಚು ಹೊತ್ತು ಇರುವುದಾದರೆ ಅಗಲ ಅಂಚಿನ ಟೊಪ್ಪಿ, ಇಲ್ಲವಾದರೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ. ಇಲ್ಲಿಯೇ ನನ್ನ ದೊಡ್ಡ ದೂರು: ಬೆವರನ್ನು ತಡೆಯಲು ತಲೆಯಲ್ಲಿ ಏನೂ ಇಲ್ಲದ್ದರಿಂದ ಸನ್‌ಸ್ಕ್ರೀನ್ ಬೆರೆತ ಬೆವರು ನೇರವಾಗಿ ಕಣ್ಣಿಗಿಳಿದು ಉರಿಯುತ್ತದೆ. ಹಣೆಯ ಮೇಲ್ಭಾಗಕ್ಕೆ ಕಡ್ಡಿ ರೂಪದ ಗಟ್ಟಿ ಸನ್‌ಸ್ಕ್ರೀನ್ ಬಳಸಿದ ಮೇಲೆ ಕಾಟ ತಗ್ಗಿದೆ, ಪೂರ್ತಿ ನಿಂತಿಲ್ಲ. ಕರವಸ್ತ್ರ ಜೇಬಿನ ಖಾಯಂ ಸದಸ್ಯ.

ತಲೆಹೊಟ್ಟು ಹೋಗುತ್ತದೆಂದು ಎಣಿಸಿದವರಿಗೂ ನಿರಾಸೆಯಾಗಬಹುದು. ಅದು ಚರ್ಮದ ವ್ಯವಹಾರ, ಕೂದಲು ಹೋದರೂ ಬರುತ್ತದೆ. ನಾನು ಕೀಟೋಕೊನಜೋಲ್ ಶಾಂಪೂವನ್ನು ಈಗಲೂ ಆಗಾಗ ಹಚ್ಚುತ್ತೇನೆ. ಚಳಿಗಾಲದಲ್ಲಿ ಮಲಗುವಾಗ ಟೊಪ್ಪಿ ಬೇಕೆನಿಸುತ್ತದೆ. ಎರಡನೆಯ ದಿನದ ಚುಚ್ಚು ಮೊನೆಗಳು ದಿಂಬಿನ ಹೊದಿಕೆಗೆ ಸಿಕ್ಕಿಕೊಂಡು ತಲೆ ಹೊರಳದಂತೆ ಹಿಡಿದುಕೊಳ್ಳುತ್ತವೆ. ಇನ್ನು ಯಾರೂ ಎಚ್ಚರಿಸದ ಸಂಗತಿಯೊಂದಿದೆ: ಕೂದಲು ತಾಗುವಿಕೆಯ ಮುನ್ಸೂಚನೆ ಕೊಡುತ್ತದೆ. ತಗ್ಗಿನ ಬಾಗಿಲು, ತೆರೆದಿಟ್ಟ ಕಪಾಟಿನ ಮೂಲೆ ಮೊದಲು ಕೂದಲಿಗೆ ತಾಗಿ ನಾವು ಅರಿವಿಲ್ಲದೆ ತಲೆ ತಗ್ಗಿಸುತ್ತಿದ್ದೆವು. ಈಗ ನೇರವಾಗಿ ಬುರುಡೆಗೇ ಬಡಿಯುತ್ತದೆ.

ಜನರ ವಿಚಾರ ನಾನು ಹೆದರಿದ್ದಕ್ಕಿಂತ ಬೇಗ ಮುಗಿಯಿತು. ಮೊದಲ ಕೆಲವು ದಿನ "ಆರೋಗ್ಯ ಸರಿಯಿದೆಯಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಸರಿಯಿದೆ ಎಂದರೆ ಸಾಕು, ವಿವರಣೆ ಬೇಕಿಲ್ಲ. ಆಮೇಲೆ ಎಲ್ಲರಿಗೂ ಮರೆತುಹೋಯಿತು. ಗುರುತಿನ ಚೀಟಿ ನೋಡುವವರು ಮಾತ್ರ ಈಗಲೂ ಫೋಟೊ ಒಮ್ಮೆ, ಮುಖ ಎರಡು ಸಲ ನೋಡುತ್ತಾರೆ. ಹೆಂಡತಿಯ ತಕರಾರು ಬೇರೆಯೇ: "ಇನ್ನು ಕನ್ನಡಿ ನನಗೆ ಬಿಡುವಾಗುತ್ತದೆ ಎಂದುಕೊಂಡಿದ್ದೆ. ಈಗ ನಿಮಗೆ ಹಿಂದಲೆ ನೋಡಲು ಇನ್ನೊಂದು ಕನ್ನಡಿ ಬೇರೆ!" ಅಮೆರಿಕದ ವಾರ್ಟನ್ ಶಾಲೆಯ ಆಲ್ಬರ್ಟ್ ಮ್ಯಾನ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬೋಳುತಲೆಯವರು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ: ಒಬ್ಬನದೇ ಫೋಟೊದಲ್ಲಿ ಕೂದಲು ಅಳಿಸಿ ತೋರಿಸಿದಾಗ ನೋಡುಗರು ಅವನನ್ನು ಹೆಚ್ಚು ಪ್ರಭಾವಿ, ಹೆಚ್ಚು ಎತ್ತರ, ಹೆಚ್ಚು ಬಲಶಾಲಿ ಎಂದು ಅಂದಾಜಿಸಿದರು. ಅದೇ ನೋಡುಗರು ಅವನಿಗೆ ವಯಸ್ಸು ಜಾಸ್ತಿ, ಅಂದ ಕಡಿಮೆ ಎಂದೂ ಹೇಳಿದ್ದನ್ನು ಯಾರೂ ಉಲ್ಲೇಖಿಸುವುದಿಲ್ಲ. ನನ್ನ ಅನುಭವದಲ್ಲಿ ಯಾರೂ ನನ್ನನ್ನು ಎತ್ತರದವನೆಂದು ತಿಳಿದಿಲ್ಲ.

ಪೂರ್ಣ ಅಂಕ ಕೊಟ್ಟದ್ದು ಬೇರೆ ಕಾರಣಕ್ಕೆ. ಗಾಳಿ ಬೀಸಿದಾಗ ಕೈ ತಲೆಗೆ ಹೋಗುವುದಿಲ್ಲ. ದೀಪದ ನೇರ ಕೆಳಗಿನ ಕುರ್ಚಿಯನ್ನು ತಪ್ಪಿಸುವುದಿಲ್ಲ. ಗುಂಪಿನ ಫೋಟೊ ಮೇಲಿನಿಂದ ತೆಗೆಯುತ್ತಾರೆಂದರೆ ಹಿಂದೆ ಸರಿಯುವುದಿಲ್ಲ. ಇಷ್ಟೆಲ್ಲ ಲೆಕ್ಕಾಚಾರ ದಿನವಿಡೀ ತಲೆಯೊಳಗೆ ನಡೆಯುತ್ತಿತ್ತು ಎಂಬುದು ಅದು ನಿಂತ ಮೇಲೆಯೇ ತಿಳಿದದ್ದು. ನಡುವೆ ಒಮ್ಮೆ, ಕುತೂಹಲಕ್ಕೆ, ಕೆಲವು ವಾರ ಬೆಳೆಯಲು ಬಿಟ್ಟೆ. ಲಾಳದ ಪಟ್ಟಿ ಇನ್ನಷ್ಟು ಕೆಳಗಿಳಿದಿತ್ತು, ಬಹುಪಾಲು ನರೆತಿತ್ತು, ಗಾಳಿಗೆ ಕೈ ಮತ್ತೆ ಮೇಲೇಳತೊಡಗಿತು. ಟ್ರಿಮ್ಮರ್ ತೆಗೆದುಕೊಂಡೆ.

ಕೊಳ್ಳುವವರಿಗೆ ಎರಡು ಮಾತು. ಶೇವರಿನ ಅಲಗು ಸವೆಯುವ ಮೊದಲು ಅದರ ಬದಲಿ ಅಲಗುಗಳು ಬಿಡಿಯಾಗಿ ಸಿಗುತ್ತವೆಯೇ ನೋಡಿ. ಸಿಗದಿದ್ದರೆ ಇಡೀ ಯಂತ್ರವೇ ಕಸ. ಮತ್ತೆ, ನೀರಿನಲ್ಲಿ ಬಳಸಬಹುದಾದ ಶೇವರುಗಳಲ್ಲಿ ಹೆಚ್ಚಿನವು ಸುರಕ್ಷತೆಯ ದೃಷ್ಟಿಯಿಂದ ವಿದ್ಯುತ್ತಿಗೆ ಸಿಕ್ಕಿಸಿದಾಗ ಓಡುವುದಿಲ್ಲ. ಹಳತಾದ ಬ್ಯಾಟರಿ ಎಡಭಾಗ ಮುಗಿಸಿ ಬಲಭಾಗ ಹಿಡಿಯುವ ಹೊತ್ತಿಗೆ ಕೈಕೊಡುತ್ತದೆ. ಅದಕ್ಕೇ ತಂತಿಯಿಂದ ನಡೆಯುವ ಹಳೆಯ ಟ್ರಿಮ್ಮರೊಂದನ್ನು ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ.