ಕೂಸು ಇಬ್ಬರ ಹತ್ತಿರವೂ ಬೆಳೆಯಬೇಕಾದರೆ: ಕಲಬುರಗಿಯಲ್ಲಿ ಕೋರ್ಟಿನ ಮೀಡಿಯೇಷನ್ ಸೇವೆ ತಂದೆಗೆ ಎಷ್ಟು ಉಪಯೋಗ

ಡೈವೋರ್ಸ್ ನಡೆಯುತ್ತಿರುವಾಗ ಸಣ್ಣ ಮಗುವಿನ ಜಂಟಿ ಕಸ್ಟಡಿ ಬೇಕೆನ್ನುವ ತಂದೆಗೆ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಕೋರ್ಟಿನ ಮೀಡಿಯೇಷನ್, ಅಂದರೆ ಮಧ್ಯಸ್ಥಿಕೆ ಸೇವೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಆದರೆ ಬರಿಗೈಯಲ್ಲಿ ಹೋಗಿ ಕೂತವರಿಗೆ ಇದರಿಂದ ಸಿಗುವುದು ಬಹುತೇಕ ಏನೂ ಇಲ್ಲ. ಹಾಗಾಗಿ ಸೇವೆ ಹೇಗಿದೆ ಎನ್ನುವುದಕ್ಕಿಂತ ಅದನ್ನು ಬಳಸಿಕೊಳ್ಳುವುದು ಹೇಗೆ ಎನ್ನುವುದನ್ನೇ ಇಲ್ಲಿ ಹೆಚ್ಚು ಬರೆದಿದೆ.

ವಾದ ಮಾಡಿ ಗೆಲ್ಲುವ ದಾರಿ ಯಾಕೆ ಕಷ್ಟ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಹಿಂದೂ ಕಾಯ್ದೆಗಳಲ್ಲಿ ಜಂಟಿ ಕಸ್ಟಡಿ ಎನ್ನುವ ಕಲಮೇ ಇಲ್ಲ. ಅದನ್ನು ಸೇರಿಸಬೇಕೆಂದು ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಕೊಟ್ಟ 257ನೇ ವರದಿ ಹೇಳಿತ್ತು, ಅದು ಶಾಸನವಾಗಲಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ತಾಯಿಯ ಬಳಿ ಇರುವುದು ಮಗುವಿಗೆ ಒಳ್ಳೆಯದಲ್ಲ ಎಂದು ತೋರಿಸುವ ಹೊರೆ ತಂದೆಯದು ಎಂದು ಸುಪ್ರೀಂ ಕೋರ್ಟ್ 2015ರ ರೋಕ್ಸಾನ್ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಇನ್ನು ತಂದೆಯರು ಪದೇಪದೇ ಎತ್ತಿ ತೋರಿಸುವ ತೀರ್ಪು ನಮ್ಮದೇ ಹೈಕೋರ್ಟಿನದು, 2013ರ ಕೆ.ಎಂ. ವಿನಯಾ ಪ್ರಕರಣ. ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ, ಖರ್ಚು ಸಮಪಾಲು ಎಂದು ಅಲ್ಲಿ ಆದೇಶವಾಯಿತು. ಆ ಹುಡುಗನಿಗೆ ಆಗ 12 ವರ್ಷ. ಮೂರು ವರ್ಷದ ಕೂಸಿಗೆ ಅದೇ ಲೆಕ್ಕ ಹಾಕಿ ಆರಾರು ತಿಂಗಳು ಕೇಳಿದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಮೀಡಿಯೇಷನ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಡಿಯಲ್ಲಿ ನಡೆಯುತ್ತದೆ. ಕೂಡಿಸಿ ಮಾತಾಡಿಸುವವರು ಹೆಚ್ಚಾಗಿ ತರಬೇತಿ ಪಡೆದ ವಕೀಲರು, ಕಕ್ಷಿದಾರರು ಅವರಿಗೆ ಫೀಸು ಕೊಡಬೇಕಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಂ ಪ್ರಕಾರ ರಾಜಿಗೆ ಪ್ರಯತ್ನಿಸುವುದು ಕೋರ್ಟಿನ ಕರ್ತವ್ಯವೇ ಆಗಿದೆ. ಆದ್ದರಿಂದ ಇಬ್ಬರೂ ಹಾಜರಾದ ಮೊದಲ ತಾರೀಖಿನಲ್ಲೇ 'ಮಗುವಿನ ವಿಷಯಕ್ಕೆ ಮೀಡಿಯೇಷನ್‌ಗೆ ಕಳಿಸಿ' ಎಂದು ಮೆಮೊ, ಅಂದರೆ ಸಣ್ಣ ಲಿಖಿತ ಕೋರಿಕೆ, ಹಾಕಬಹುದು. ಡೈವೋರ್ಸ್ ಬಗ್ಗೆ ಜಗಳ ಮುಂದುವರಿದರೂ ಮಗುವಿನ ವಿಷಯ ಮಾತ್ರ ಬಗೆಹರಿಸಿಕೊಳ್ಳಲು ಅಡ್ಡಿಯಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಇಬ್ಬರನ್ನೂ ಕೂಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾರೆ. ಅಲ್ಲಿ ಆಡಿದ ಮಾತು ಗೌಪ್ಯ, ಮುಂದೆ ಸಾಕ್ಷಿಯಾಗಿ ಬರುವುದಿಲ್ಲ. ಮಧ್ಯಸ್ಥರು ತೀರ್ಪು ಕೊಡುವವರಲ್ಲ. ಅವರೆದುರು ಹೆಂಡತಿಯ ತಪ್ಪುಗಳ ಪಟ್ಟಿ ಓದುತ್ತಾ ಕೂತ ತಂದೆ ಆ ಹೊತ್ತನ್ನು ವ್ಯರ್ಥ ಮಾಡಿದಂತೆ.

ಮೀಡಿಯೇಷನ್‌ಗೆ ಹೋಗುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಲೇಬೇಕು. ಮಗುವನ್ನು ನೋಡಲು, ಫೋನಿನಲ್ಲಿ ಮಾತಾಡಲು ಮಧ್ಯಂತರ ಅರ್ಜಿ, ವಕೀಲರ ಮಾತಿನಲ್ಲಿ ಐಎ, ಹಾಕಿಡಿ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ, ಕಸ್ಟಡಿಗೇ ಬೇರೆ ಕೇಸು ಹಾಕಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 12ನೇ ಕಲಂ ಅಡಿ. ಇದನ್ನು ಬಿಟ್ಟು ರಾಜಿ ಆಗುತ್ತದೆಂದು ಕಾದರೆ ತಿಂಗಳುಗಳು ಸರಿಯುತ್ತವೆ, ಮಗು ಒಂದೇ ಮನೆಗೆ ಹೊಂದಿಕೊಳ್ಳುತ್ತದೆ, ಆಮೇಲೆ 'ಈಗಿರುವ ವ್ಯವಸ್ಥೆ ಕೆಡಿಸುವುದು ಬೇಡ' ಎನ್ನುವ ವಾದಕ್ಕೆ ಬಲ ಬರುತ್ತದೆ. ಮಗುವಿನಿಂದ ದೂರ ಇರುವ ತಂದೆ ಅಥವಾ ತಾಯಿ ದಿನಾ 5ರಿಂದ 10 ನಿಮಿಷ ಮಾತಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ತೀರ್ಪಿನಲ್ಲಿ ಹೇಳಿದೆ. ಐಎಯಲ್ಲಿ ಅದನ್ನು ಕಾಣಿಸಿ, ವಿಡಿಯೋ ಕಾಲ್‌ನ ಹೊತ್ತನ್ನು ನಮೂದಿಸಿ. ಮೂರು ನಾಲ್ಕು ವರ್ಷದ ಮಗು ಅದಕ್ಕಿಂತ ಹೆಚ್ಚು ಹೊತ್ತು ಪರದೆ ಮುಂದೆ ಕೂರುವುದೂ ಇಲ್ಲ.

ಕೈಯಲ್ಲಿ ಇರಬೇಕಾದದ್ದು ಒಂದು ಫೈಲು. ಜನನ ಪ್ರಮಾಣಪತ್ರ, ಲಸಿಕೆ ದಾಖಲಾದ ತಾಯಿ ಕಾರ್ಡ್, ಅಂಗನವಾಡಿ ಅಥವಾ ಶಾಲೆಯ ದಾಖಲೆ, ನಿಮ್ಮ ಖಾತೆಯಿಂದ ಹೋದ ಫೀಸು ಮತ್ತು ದವಾಖಾನೆ ಬಿಲ್ಲುಗಳು, ಮನೆಯ ಬಾಡಿಗೆ ಕರಾರು, ಕೆಲಸದ ವೇಳೆ ತಿಳಿಸುವ ಪತ್ರ. ನೀವು ಡ್ಯೂಟಿಯಲ್ಲಿರುವಾಗ ಮಗುವನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆ ಬಂದೇ ಬರುತ್ತದೆ. 'ಮನೆಯಲ್ಲಿ ಅವ್ವ ಇದ್ದಾಳೆ' ಎಂದರೆ ಸಾಲದು, ಆಕೆಯ ವಯಸ್ಸು, ಆರೋಗ್ಯ, ಒಪ್ಪಿಗೆಯನ್ನು ಅಫಿಡವಿಟ್ ರೂಪದಲ್ಲಿ ತನ್ನಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಮುಂದೆ ಸಾಕ್ಷ್ಯ ಮಾಡುವುದಿದ್ದರೆ ಬರೀ ಸ್ಕ್ರೀನ್‌ಶಾಟ್ ಪ್ರಿಂಟನ್ನು ನೆಚ್ಚಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಮಾಡಿಸಿ, ಮೂಲ ಫೋನನ್ನು ಮಾರದೆ ಇಟ್ಟುಕೊಳ್ಳಿ. ಕೌಟುಂಬಿಕ ನ್ಯಾಯಾಲಯ ಸಾಕ್ಷ್ಯದ ನಿಯಮವನ್ನು ಸಡಿಲವಾಗಿ ನೋಡಬಹುದು, ಎದುರು ವಕೀಲರು ಹಾಗೆ ನೋಡುವುದಿಲ್ಲ. ಆದಾಯ ಪ್ರಮಾಣಪತ್ರ ಇತ್ಯಾದಿಗೆ ನಾಡಕಚೇರಿಗೆ ಹೋಗುವವರಿಗೆ ಇನ್ನೊಂದು ಮಾತು: ಬಿಸಿಲಿನಿಂದಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿ ವೇಳೆ ಸಾಮಾನ್ಯವಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತದೆ.

ಇಡೀ ಸೇವೆಯ ಫಲ ನಿಂತಿರುವುದು ಪಾಲನಾ ಯೋಜನೆಯ ಮೇಲೆ, ಅಂದರೆ ಮಗು ಯಾವಾಗ ಯಾರ ಬಳಿ ಇರಬೇಕೆಂದು ಬರೆದ ಕಾಗದದ ಮೇಲೆ. ಅದನ್ನು ನೀವೇ ಬರೆದುಕೊಂಡು ಹೋಗಬೇಕು, ಎರಡು ಪುಟ ಸಾಕು. 5 ವರ್ಷದೊಳಗಿನ ಮಗುವಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಯೋಜನೆಯೇ ಒಪ್ಪಿಗೆಯಾಗುವಂಥದ್ದು. ಮೊದಲ ಎಂಟು ವಾರ ಭಾನುವಾರ ಮೂರು ತಾಸು, ವಾರದ ನಡುವೆ ಒಂದು ಸಂಜೆ ಎರಡು ತಾಸು. ಅದು ತಪ್ಪದೆ ನಡೆದರೆ ಮುಂದಿನ ಎಂಟು ವಾರ ಶನಿವಾರ ಬೆಳಗ್ಗೆಯಿಂದ ಸಂಜೆ. ಆಮೇಲೆ ಒಂದು ರಾತ್ರಿ ವಾಸ, ಆರು ತಿಂಗಳ ನಂತರ ವಾರ ಬಿಟ್ಟು ವಾರ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆ. ಒಂದನೇ ತರಗತಿಗೆ ಸೇರುವಾಗ ಇಬ್ಬರೂ ಕೂತು ಮರುಪರಿಶೀಲಿಸಬೇಕೆಂದು ಒಂದು ಸಾಲು ಇರಲಿ. 26ನೇ ಕಲಂ ಕೋರ್ಟಿಗೆ ಆದೇಶ ಬದಲಿಸುವ ಅಧಿಕಾರ ಕೊಟ್ಟಿದೆ, ಹಾಗಾಗಿ ಇವತ್ತು ಕಡಿಮೆ ಸಿಕ್ಕಿತೆಂದು ಹತಾಶರಾಗಬೇಕಿಲ್ಲ. ಮೆಟ್ಟಿಲು ಏರುವ ದಿನಾಂಕಗಳು ಮಾತ್ರ ಕಾಗದದ ಮೇಲೆ ಇರಬೇಕು. 'ಮಗು ಹೊಂದಿಕೊಂಡ ಮೇಲೆ ಹೆಚ್ಚಿಸಲಾಗುವುದು' ಎಂದು ಬರೆದರೆ ಹೊಂದಿಕೊಂಡಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಹಬ್ಬಗಳ ಹಂಚಿಕೆಯಲ್ಲಿ ಊರಿನ ರೂಢಿ ಮರೆಯಬೇಡಿ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು, ಜೋಕಾಲಿ ಕಟ್ಟುವುದು ನಡೆದುಬಂದದ್ದು. ಆ ದಿನಕ್ಕಾಗಿ ಪಟ್ಟು ಹಿಡಿಯುವ ತಂದೆ ಸುಮ್ಮನೆ ಒಂದು ಸಿಟ್ಟು ಕೊಂಡುಕೊಳ್ಳುತ್ತಾನೆ. ಪಂಚಮಿ ತಾಯಿಗೆ ಬಿಟ್ಟು ಎಳ್ಳಮಾವಾಸ್ಯೆ ಕೇಳಿ. ಹೊಲದಲ್ಲಿ ಚರಗ ಚೆಲ್ಲುವಾಗ, ಸಜ್ಜೆ ರೊಟ್ಟಿ ಭಜ್ಜಿ ಉಣ್ಣುವಾಗ ತಂದೆಯ ಕಡೆಯ ಅಜ್ಜ ಅಜ್ಜಿ, ಕಾಕಾ ಎಲ್ಲರೂ ಮಗುವಿಗೆ ಒಂದೇ ಕಡೆ ಸಿಗುತ್ತಾರೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸ್, ದೀಪಾವಳಿಗಳನ್ನು ಒಂದು ವರ್ಷ ಇವರಿಗೆ, ಮರುವರ್ಷ ಅವರಿಗೆ ಎಂದು ಬರೆಯಿರಿ. ದಸರಾ ಮತ್ತು ಬೇಸಿಗೆ ರಜೆ ಅರ್ಧರ್ಧ ಆಗಲಿ, ಆದರೆ ಸಣ್ಣ ಮಗುವಿಗೆ ಒಂದೇ ಸಲ ತಿಂಗಳುಗಟ್ಟಲೆ ಬೇಡ. ವಾರಕ್ಕೊಮ್ಮೆ ಬದಲಾಗಲಿ.

ಮಗುವನ್ನು ಕೊಡುವ, ಕರೆದೊಯ್ಯುವ ಜಾಗದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಕೋರ್ಟ್ ಆವರಣದಲ್ಲಿ ಭೇಟಿ ಎಂದು ಒಪ್ಪಿಕೊಳ್ಳಬೇಡಿ. ಆಟದ ಸಾಮಾನಿಲ್ಲದ ಕಡೆ, ಅಪರಿಚಿತರ ನಡುವೆ ಮಗು ಅಳುತ್ತದೆ, ಆ ಅಳುವೇ ನಿಮ್ಮ ವಿರುದ್ಧದ ವಾದವಾಗುತ್ತದೆ. ಅಪ್ಪನ ಕೆರೆಯ ಬಳಿಯ ಉದ್ಯಾನ, ದೇವಸ್ಥಾನದ ಅಂಗಳ, ಶಾಲೆಯ ಗೇಟು, ಇಬ್ಬರಿಗೂ ಗೊತ್ತಿರುವ ಹಿರಿಯರ ಮನೆ ಇವು ಪರವಾಗಿಲ್ಲ. ಬಸ್ ಸ್ಟ್ಯಾಂಡ್ ಬೇಡ. ಬೇಸಿಗೆಯಲ್ಲಿ ಬೆಳಗ್ಗೆ 9ರೊಳಗೆ ಅಥವಾ ಸಂಜೆ 5:30ರ ನಂತರ ಎಂದು ವೇಳೆಯನ್ನು ಬದಲಿಸಿ ಬರೆಯಿರಿ. 40 ಡಿಗ್ರಿ ಮೀರಿದ ಮಧ್ಯಾಹ್ನ ಆಟೋದಲ್ಲಿ ಕೂಸನ್ನು ಓಡಾಡಿಸುವ ಯೋಜನೆ ತಂದೆಯ ಬೇಜವಾಬ್ದಾರಿಯಂತೆ ಕಾಣುತ್ತದೆ. ಚೀಲದ ಜೊತೆ ಏನು ಬರಬೇಕು ಎನ್ನುವುದೂ ಇರಲಿ: ನಡೆಯುತ್ತಿರುವ ಔಷಧಿ, ಅದರ ಪ್ರಮಾಣ ಬರೆದ ಚೀಟಿ, ರಾತ್ರಿ ಹಿಡಿದು ಮಲಗುವ ಗೊಂಬೆ ಅಥವಾ ದುಪಟಿ.

ಬಿಟ್ಟುಹೋಗುವ ಕಲಮುಗಳು ಮೂರು ನಾಲ್ಕು ಇವೆ. ಒಬ್ಬರು ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಕೆಲಸಕ್ಕೆ ಹೋಗುವುದು ನಮ್ಮ ಭಾಗದಲ್ಲಿ ಮಾಮೂಲು, ಆದ್ದರಿಂದ ಊರು ಬಿಡುವ 60 ದಿನ ಮೊದಲು ಲಿಖಿತವಾಗಿ ತಿಳಿಸಬೇಕು ಎಂದಿರಲಿ. ಇಬ್ಬರ ಸಹಿ ಇಲ್ಲದೆ ಶಾಲೆಯಿಂದ ಟಿಸಿ ತೆಗೆಯಬಾರದು. ಶಾಲೆಯ ದಾಖಲೆಯಲ್ಲಿ ಇಬ್ಬರ ಫೋನ್ ನಂಬರೂ ಇರಬೇಕು. ಜ್ವರ ಬಂದು ಭೇಟಿ ತಪ್ಪಿದರೆ ಮುಂದಿನ ಯಾವ ದಿನ ಅದನ್ನು ಸರಿದೂಗಿಸಬೇಕು ಎಂದಿರಬೇಕು. ಇನ್ನು ಜೀವನಾಂಶವನ್ನೂ ಭೇಟಿಯನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. 'ಮಗು ತೋರಿಸಿದರೆ ದುಡ್ಡು' ಎನ್ನುವ ಸಾಲು ಕಂಡರೆ ಕೋರ್ಟು ತಂದೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ.

ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಪೂರ್ತಿ ಓದಿಸಿಕೊಳ್ಳಿ. ಒಪ್ಪಿಗೆಯ ಮೇಲೆ ಆದ ಡಿಕ್ರಿಗೆ, ಅಂದರೆ ಕೋರ್ಟಿನ ಅಂತಿಮ ತೀರ್ಮಾನಕ್ಕೆ, ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 19ನೇ ಕಲಂ ಅಡಿ ಅಪೀಲು ಇಲ್ಲ. 'ತಂದೆಗೆ ಅನುಕೂಲವಿದ್ದಾಗ ಭೇಟಿಗೆ ಅವಕಾಶ' ಎನ್ನುವಂಥ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕಿದವರಿಗೆ ಮುಂದೆ ಜಾರಿ ಮಾಡಿಸಲು ಏನೂ ಉಳಿಯುವುದಿಲ್ಲ. ಪರಸ್ಪರ ಒಪ್ಪಿಗೆಯ ಡೈವೋರ್ಸ್ ಆದರೆ ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು, ಆದ್ದರಿಂದ ಮಗುವಿನ ವೇಳಾಪಟ್ಟಿ ಸಹಿಯಾದ ವಾರದಿಂದಲೇ ಶುರುವಾಗಲಿ, ಅದಕ್ಕೆ ಬೇರೆ ಮಧ್ಯಂತರ ಆದೇಶ ಪಡೆಯಿರಿ.

ಕಡಿದ ಒಂದು ಅಂಕದ ಕಾರಣ ಇದು: ಎದುರಿನವರು ಬಾರದಿದ್ದರೆ ಮೀಡಿಯೇಷನ್‌ಗೆ ಕೈಯಿಲ್ಲ. 'ರಾಜಿ ಆಗಲಿಲ್ಲ' ಎಂದು ಕಡತ ವಾಪಸ್ ಹೋಗುತ್ತದೆ, ಯಾರಿಂದ ಆಗಲಿಲ್ಲ ಎನ್ನುವುದು ಅದರಲ್ಲಿ ಇರುವುದಿಲ್ಲ. ಇನ್ನೊಂದು, ಎಷ್ಟೋ ಮನೆಗಳಲ್ಲಿ ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಮೊದಲೇ ಬರೆಸಿರುತ್ತಾರೆ. ಆ ಬಾಂಡಿನಿಂದ ಡೈವೋರ್ಸೂ ಆಗುವುದಿಲ್ಲ, ಕಸ್ಟಡಿಯೂ ನಿರ್ಧಾರವಾಗುವುದಿಲ್ಲ. ಅದರಲ್ಲಿ ಮಗುವಿಗೆ ಒಳ್ಳೆಯದಾದ ಅಂಶ ಇದ್ದರೆ ಅದನ್ನೇ ಮೀಡಿಯೇಷನ್ ಒಪ್ಪಂದಕ್ಕೆ ತಂದು ಕೋರ್ಟಿನ ಆದೇಶ ಮಾಡಿಸಿಕೊಳ್ಳಿ.

ವಕೀಲರ ಫೀಸು ಕೊಡಲಾಗದ ತಂದೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದಲೇ ಉಚಿತ ವಕೀಲರು ಸಿಗಬಹುದು. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದವರು ಅರ್ಹರು. ತಾಯಿಗೆ ಆದಾಯ ಮಿತಿಯೇ ಇಲ್ಲ. ಸಹಾಯವಾಣಿ 15100.

ಮುಸ್ಲಿಂ ಕುಟುಂಬಗಳಲ್ಲಿ ಅರ್ಜಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಹೋಗುತ್ತದೆ. ಹನಫಿ ಪಂಥದಲ್ಲಿ ಗಂಡುಮಗು 7 ವರ್ಷದವರೆಗೆ, ಹೆಣ್ಣುಮಗು ಪ್ರೌಢಾವಸ್ಥೆಯವರೆಗೆ ತಾಯಿಯ ಬಳಿ ಎನ್ನುವುದು ಆರಂಭದ ನೆಲೆ. ಅಲ್ಲೂ ಕೋರ್ಟು ಕೊನೆಗೆ ನೋಡುವುದು ಮಗುವಿನ ಹಿತವನ್ನೇ. ಬೀದರ್ ಕಡೆಯ ಕ್ರೈಸ್ತ ಕುಟುಂಬಗಳಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ಮೀಡಿಯೇಷನ್ ಎಲ್ಲರಿಗೂ ಒಂದೇ.

ಎಲ್ಲಿ ಹಾಕಬೇಕು ಎನ್ನುವಲ್ಲಿ ಎಡವುವವರು ಹೆಚ್ಚು. ಬೇರೆಯಾಗಿ ಕಸ್ಟಡಿ ಕೇಸು ಹಾಕುವುದಾದರೆ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟೇ ಆಗಬೇಕು. ಕೂಸು ತಾಯಿಯ ಜೊತೆ ಬೀದರಿನಲ್ಲಿ ನೆಲೆಸಿದ್ದಾಗ ಕಲಬುರಗಿಯಲ್ಲಿ ಹಾಕಿದರೆ ವ್ಯಾಪ್ತಿಯ ಪ್ರಶ್ನೆಯಲ್ಲೇ ವರ್ಷ ಕಳೆಯುತ್ತದೆ. ಡೈವೋರ್ಸ್ ಕೇಸು ಈಗಾಗಲೇ ಕಲಬುರಗಿಯಲ್ಲಿ ನಡೆಯುತ್ತಿದ್ದರೆ 26ನೇ ಕಲಮಿನ ಅರ್ಜಿ ಅಲ್ಲೇ ನಡೆಯುತ್ತದೆ. ಮಧ್ಯಂತರ ಆದೇಶಕ್ಕೆ ಅಪೀಲು ಇಲ್ಲ, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, 2013ರ ಆಗಸ್ಟ್‌ನಿಂದ ಕಾಯಂ ಆಗಿರುವ ಹೈಕೋರ್ಟಿನ ಕಲಬುರಗಿ ಪೀಠ ಈ ಮೂರೂ ಜಿಲ್ಲೆಗಳನ್ನು ನೋಡುತ್ತದೆ. ತಾರೀಖು ತಿಳಿಯಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ ಗುರುತಾದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿಟ್ಟುಕೊಳ್ಳಿ.

ಆದೇಶವಾದ ಮೇಲೂ ಮಗುವನ್ನು ಕಳಿಸದಿದ್ದರೆ ಮನೆ ಮುಂದೆ ಗಲಾಟೆ ಬೇಡ, ಶಾಲೆಯಿಂದ ಹೇಳದೆ ಕರೆದೊಯ್ಯುವುದಂತೂ ಬೇಡವೇ ಬೇಡ. ಪ್ರತಿ ಸಲ ಗೊತ್ತಾದ ಜಾಗಕ್ಕೆ ವೇಳೆಗೆ ಹೋಗಿ, ಒಂದು ಸಂದೇಶ ಕಳಿಸಿ, ಡೈರಿಯಲ್ಲಿ ದಿನಾಂಕ ಬರೆದಿಡಿ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 18ನೇ ಕಲಂ ಪ್ರಕಾರ ಈ ಆದೇಶಗಳನ್ನು ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು, ಆ ಅರ್ಜಿಗೆ ಈ ಡೈರಿಯೇ ಆಧಾರ.

ಮನೆಯಲ್ಲಿ ಹಿಂಸೆ ನಡೆದಿರುವ ಪ್ರಕರಣಕ್ಕೆ ಈ ಸೇವೆಯನ್ನು ಶಿಫಾರಸು ಮಾಡಲಾಗದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಕಸ್ಟಡಿಯನ್ನು ತಾಯಿಗೆ ಕೊಟ್ಟು, ಮಗುವಿಗೆ ಅಪಾಯ ಕಂಡರೆ ಭೇಟಿಯನ್ನೇ ನಿರಾಕರಿಸಬಹುದು. ಹೆದರಿದವರನ್ನು ಎದುರು ಕೂಡಿಸಿ ಪಡೆದ ಸಹಿಯ ಮೇಲೆ ಮಗುವಿನ ವಾರಗಳನ್ನು ಹಂಚಲು ಬರುವುದಿಲ್ಲ. ಅಂಥ ಕಡೆ ತಂದೆ ಕೇಳಬಹುದಾದದ್ದು ಮೂರನೆಯವರ ಸಮ್ಮುಖದ ಭೇಟಿ, ಅದನ್ನು ನ್ಯಾಯಾಧೀಶರ ಮುಂದೆಯೇ ಕೇಳಬೇಕು.