ಕೋಪಾ ಟ್ರೇಡಿನ ಇಂಟರ್ನಲ್ ಅಂಕ: ನಿಯಮ ಗಟ್ಟಿ, ಮಾಡರೇಷನ್ ಸಡಿಲ

ಎಸ್ಸೆಸ್ಸೆಲ್ಸಿ ಮುಗಿಸಿ ಒಂದೇ ವರ್ಷದಲ್ಲಿ ಕಂಪ್ಯೂಟರ್ ಕೆಲಸಕ್ಕೆ ತಯಾರಾಗಬೇಕು ಅನ್ನುವವರಿಗೆ ಐಟಿಐನ ಕೋಪಾ, ಅಂದರೆ ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್, ನೇರ ದಾರಿ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆ ಮಕ್ಕಳನ್ನು ಸೇರಿಸಲು ಬರುವ ಪೋಷಕರು ಲ್ಯಾಬ್ ನೋಡುತ್ತಾರೆ, ಶುಲ್ಕ ಕೇಳುತ್ತಾರೆ, ಬಸ್ಸಿನ ಹೊತ್ತು ವಿಚಾರಿಸುತ್ತಾರೆ. ವರ್ಷವಿಡೀ ಮಾಡಿದ ಕೆಲಸಕ್ಕೆ ಅಂಕ ಹಾಕುವವರು ಯಾರು, ಆ ಅಂಕವನ್ನು ಇನ್ನೊಬ್ಬರು ನೋಡುತ್ತಾರಾ ಎಂದು ಕೇಳುವವರು ತೀರಾ ಕಡಿಮೆ. ಈ ವಿಮರ್ಶೆ ಪೂರ್ತಿ ಆ ಪ್ರಶ್ನೆಯ ಬಗ್ಗೆಯೇ. ಮೊದಲೇ ತೀರ್ಪು ಹೇಳುವುದಾದರೆ, ಮೌಲ್ಯಮಾಪನದ ನಿಯಮಕ್ಕೆ ಐದಕ್ಕೆ ನಾಲ್ಕು, ಸಾಕ್ಷ್ಯ ಇಡುವ ವ್ಯವಸ್ಥೆಗೆ ಮೂರು, ಹಾಕಿದ ಅಂಕವನ್ನು ಇನ್ನೊಬ್ಬರು ಪರಿಶೀಲಿಸುವ ಮಾಡರೇಷನ್‌ಗೆ ಒಂದೂವರೆ.

ನಿಯಮ ಹೀಗಿದೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) 2022ರ ಪರಿಷ್ಕೃತ ಪಠ್ಯಕ್ರಮದಲ್ಲಿ ವರ್ಷಕ್ಕೆ 1200 ಗಂಟೆ ಕಲಿಕೆ: ಪ್ರಾಕ್ಟಿಕಲ್ 840, ಥಿಯರಿ 240, ಎಂಪ್ಲಾಯಬಿಲಿಟಿ ಸ್ಕಿಲ್ಸ್ 120. ಅದರ ಮೇಲೆ 150 ಗಂಟೆ ಆನ್ ದ ಜಾಬ್ ಟ್ರೈನಿಂಗ್, ಅದು ಸಿಗದ ಕಡೆ ಗ್ರೂಪ್ ಪ್ರಾಜೆಕ್ಟ್. ವರ್ಷದ ನಡುವೆ ಪ್ರತಿ ಕಲಿಕಾ ಫಲಿತಕ್ಕೂ ಸಂಸ್ಥೆಯವರೇ ಮಾಡುವುದು ಇಂಟರ್ನಲ್ ಅಥವಾ ಫಾರ್ಮೇಟಿವ್ ಅಸೆಸ್‌ಮೆಂಟ್. ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ. ಪಾಸಾಗಲು ಪ್ರಾಕ್ಟಿಕಲ್‌ನಲ್ಲಿ ಮತ್ತು ಫಾರ್ಮೇಟಿವ್‌ನಲ್ಲಿ ಶೇ. 60 ಬೇಕು, ಉಳಿದ ವಿಷಯಗಳಲ್ಲಿ ಶೇ. 33 ಸಾಕು. ಅಂದರೆ ಇಂಟರ್ನಲ್‌ನಲ್ಲಿ 59 ಬಂದವನು ಥಿಯರಿಯಲ್ಲಿ 90 ತೆಗೆದರೂ ಪಾಸಿಲ್ಲ. ಇಷ್ಟು ತೂಕದ ಅಂಕವನ್ನು ಹೆಚ್ಚಿನ ಕಡೆ ಹಾಕುವವರು ಆ ಬ್ಯಾಚಿಗೆ ಕಲಿಸುವ ಕಿರಿಯ ತರಬೇತಿ ಅಧಿಕಾರಿ (ಜೆಟಿಒ) ಒಬ್ಬರೇ.

ಡಿಜಿಟಿ ಪಠ್ಯಕ್ರಮಗಳಲ್ಲಿ ಬಹುಕಾಲದಿಂದ ಬಂದಿರುವ ಇಂಟರ್ನಲ್ ಅಸೆಸ್‌ಮೆಂಟ್ ನಮೂನೆಯಲ್ಲಿ ನೂರು ಅಂಕಕ್ಕೆ ಹತ್ತು ಕಾಲಂ. ಸುರಕ್ಷತಾ ಪ್ರಜ್ಞೆಗೆ 15, ಕೆಲಸದ ಜಾಗದ ಸ್ವಚ್ಛತೆಗೆ 5, ಹಾಜರಾತಿಗೆ 10, ಲಿಖಿತ ಸೂಚನೆ ಓದಿ ಪಾಲಿಸುವುದಕ್ಕೆ 5, ತಿಳಿವಳಿಕೆಯ ಬಳಕೆಗೆ 10, ಉಪಕರಣ ಬಳಸುವ ಕೌಶಲಕ್ಕೆ 10, ಸಾಮಗ್ರಿಯ ಮಿತಬಳಕೆಗೆ 5, ವೇಗಕ್ಕೆ 10, ಕೆಲಸದ ಗುಣಮಟ್ಟಕ್ಕೆ 15, ವೈವಾಗೆ (ಮೌಖಿಕ ಪರೀಕ್ಷೆ) 15. ಫಿಟ್ಟರ್, ವೆಲ್ಡರ್ ಟ್ರೇಡುಗಳ ಗುಂಗಿನಲ್ಲಿ ಹುಟ್ಟಿದ ನಮೂನೆ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಹಾಗಂತ ಕಂಪ್ಯೂಟರ್ ಲ್ಯಾಬಿನಲ್ಲಿ ಸುರಕ್ಷತೆಗೆ ಎಲ್ಲರಿಗೂ ಕಣ್ಣು ಮುಚ್ಚಿ 13 ಹಾಕಬೇಕಾಗಿಲ್ಲ. ಪೆನ್‌ಡ್ರೈವ್ ಸ್ಕ್ಯಾನ್ ಮಾಡಿಯೇ ತೆರೆಯುತ್ತಾನಾ, ಪಾಸ್‌ವರ್ಡ್ ಪಕ್ಕದವರಿಗೆ ಹೇಳುತ್ತಾಳಾ, ಕರೆಂಟು ಹೋದಾಗ ಯುಪಿಎಸ್ ಬೀಪ್ ಕೇಳಿ ಮೊದಲು ಸೇವ್ ಮಾಡಿ ಆಮೇಲೆ ಶಟ್‌ಡೌನ್ ಮಾಡುತ್ತಾರಾ, ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸುತ್ತಾರಾ: ಇಷ್ಟು ನೋಡಿದರೆ 15 ಅಂಕಕ್ಕೂ ಅರ್ಥ ಬರುತ್ತದೆ. ಮಿತಬಳಕೆಯ 5 ಅಂಕಕ್ಕೆ ಪ್ರಿಂಟ್ ಪ್ರಿವ್ಯೂ ನೋಡದೆ ಹದಿನಾಲ್ಕು ಪುಟ ಹೊರಡಿಸಿದವರ ಪಟ್ಟಿ ಇಟ್ಟರೆ ಸಾಕು.

ಅಂಕದ ಹಂತಗಳು ಮೂರು. ಶೇ. 60ರಿಂದ 75, 75ರಿಂದ 90, 90ರ ಮೇಲೆ. ಆಗೊಮ್ಮೆ ಈಗೊಮ್ಮೆ ನೆರವು ಪಡೆದು ಒಪ್ಪುವಷ್ಟು ಮಟ್ಟದ ಕೆಲಸ ಮಾಡಿದರೆ ಮೊದಲನೆಯದು, ಸ್ವಲ್ಪವೇ ನೆರವಿನಲ್ಲಿ ಚೆನ್ನಾಗಿ ಮಾಡಿದರೆ ಎರಡನೆಯದು, ಬಹುತೇಕ ನೆರವಿಲ್ಲದೆ ಉನ್ನತ ಮಟ್ಟದಲ್ಲಿ ಮುಗಿಸಿದರೆ ಮೂರನೆಯದು. ಇದು ಒಳ್ಳೆಯ ಅಳತೆ. ಕೆಲಸಕ್ಕೆ ಇಟ್ಟುಕೊಳ್ಳುವವರು ಕೇಳುವುದೂ ಇದನ್ನೇ, ಹುಡುಗ ಒಬ್ಬನೇ ಮಾಡ್ತಾನಾ ಅಂತ. ತೊಡಕು ಇರುವುದು ಸಾಕ್ಷ್ಯದಲ್ಲಿ. ಜಾಬ್ (ಲ್ಯಾಬಿನಲ್ಲಿ ಮಾಡುವ ಒಂದೊಂದು ಅಭ್ಯಾಸ), ರೆಕಾರ್ಡ್ ಬುಕ್, ಡೈಲಿ ಡೈರಿ, ಉತ್ತರ ಪತ್ರಿಕೆ, ವೈವಾ, ಪ್ರೋಗ್ರೆಸ್ ಚಾರ್ಟ್, ಹಾಜರಾತಿ, ಅಸೈನ್‌ಮೆಂಟ್, ಪ್ರಾಜೆಕ್ಟ್, ಇವೆಲ್ಲ ಸಾಕ್ಷ್ಯದ ಪಟ್ಟಿಯಲ್ಲಿವೆ; ಎಷ್ಟು ನೆರವು ಕೊಟ್ಟೆವು ಎಂದು ಬರೆಯುವ ಜಾಗ ಮಾತ್ರ ಸಾಮಾನ್ಯವಾಗಿ ಯಾವುದರಲ್ಲೂ ಇರುವುದಿಲ್ಲ. 78 ಯಾಕೆ, 92 ಯಾಕೆ ಎಂದು ಆರು ತಿಂಗಳ ನಂತರ ಯಾರಾದರೂ ಕೇಳಿದರೆ ಜೆಟಿಒ ನೆನಪೇ ಗತಿ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ರೆಕಾರ್ಡಿನ ಪ್ರತಿ ಜಾಬಿನ ಕೆಳಗೆ ಒಂದು ಪದ: “ಸ್ವತಃ”, “ಸುಳಿವು”, ಅಥವಾ “ಜೊತೆಗೆ ಕೂತು”. ಪಕ್ಕದಲ್ಲಿ ಅಂದಿನ ತಾರೀಕು ಮತ್ತು ಸಹಿ.

ಒಂದು ಜಾಬನ್ನು ಹತ್ತಿರದಿಂದ ನೋಡೋಣ. ಎಕ್ಸೆಲ್‌ನಲ್ಲಿ ಅಡಿಕೆ ಮಂಡಿಯ ಲೆಕ್ಕ, ನಮ್ಮ ಕಡೆಯ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲದ ವಿಷಯ. ಒಂದು ಶೀಟಿನಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು, ಅವುಗಳ ಕ್ವಿಂಟಾಲ್ ದರ. ಇನ್ನೊಂದರಲ್ಲಿ ತಾರೀಕು, ಲಾಟ್ ನಂಬರ್, ಬಗೆ, ತೂಕ, ದರ, ಮೊತ್ತ. ದರವನ್ನು, ಪಟ್ಟಿಯಲ್ಲಿ ಹುಡುಕಿಕೊಡುವ ಸೂತ್ರವಾದ ವಿ-ಲುಕಪ್‌ನಿಂದ ತರಬೇಕು. ಪ್ರಿಂಟು ನೋಡಿದರೆ ಅಂಚು, ಬಣ್ಣ, ಒಟ್ಟು ಮೊತ್ತ ಎಲ್ಲ ಅಚ್ಚುಕಟ್ಟು. ಆದರೆ ವಿ-ಲುಕಪ್‌ನ ನಾಲ್ಕನೆಯ ಜಾಗದಲ್ಲಿ ಫಾಲ್ಸ್ ಎಂದು ಕೊಡದೆ ಬಿಟ್ಟರೆ ಎಕ್ಸೆಲ್ ಅಂದಾಜು ಹೊಂದಿಕೆ ಹುಡುಕುತ್ತದೆ, ಅದಕ್ಕೆ ಪಟ್ಟಿ ಅಕ್ಷರಾನುಕ್ರಮದಲ್ಲಿ ಇರಲೇಬೇಕು. ಮೇಲಿನ ಕ್ರಮದಲ್ಲಿ ಬರೆದ ಪಟ್ಟಿಯಲ್ಲಿ ರಾಶಿ ಲಾಟಿಗೆ ಬೆಟ್ಟೆಯ ದರ ಬಂದು ಕೂರಬಹುದು, ದೋಷದ ಸಂದೇಶವೂ ಬರುವುದಿಲ್ಲ. ಪ್ರಿಂಟನ್ನಷ್ಟೇ ನೋಡಿದವರು ಗುಣಮಟ್ಟಕ್ಕೆ 15ರಲ್ಲಿ 14 ಕೊಡುತ್ತಾರೆ. ಫೈಲ್ ತೆರೆದು ಸೆಲ್ ಮೇಲೆ ಕ್ಲಿಕ್ ಮಾಡಿದವರು 7 ಕೊಡುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಹಾಗಾಗಿ ಎರಡು ಪ್ರಿಂಟ್ ಕಡ್ಡಾಯ ಮಾಡಬೇಕು: ಒಂದು ಮೌಲ್ಯ ಕಾಣುವಂತೆ, ಇನ್ನೊಂದು ಫಾರ್ಮುಲಾಸ್ ಟ್ಯಾಬಿನ ಶೋ ಫಾರ್ಮುಲಾಸ್ ಒತ್ತಿ ಸೂತ್ರ ಕಾಣುವಂತೆ. ಜೊತೆಗೆ ವೈವಾದಲ್ಲಿ ಪಟ್ಟಿಯ ಕ್ರಮ ಬದಲಿಸಿ “ಈಗ ಏನಾಗುತ್ತೆ, ಹೇಳಮ್ಮ” ಅಂತ ಕೇಳಿದರೆ ಯಾರು ಮಾಡಿದ್ದು, ಯಾರು ನಕಲು ಇಳಿಸಿದ್ದು ಎಂಬುದು ಬೇಗ ಬಯಲಾಗುತ್ತದೆ.

ನಕಲು ಹಿಡಿಯಲು ಫೈಲಿನ ಇನ್ಫೋ ಪುಟವೂ ನೆರವಿಗೆ ಬರುತ್ತದೆ. ಆಥರ್, ಕ್ರಿಯೇಟೆಡ್, ಲಾಸ್ಟ್ ಮಾಡಿಫೈಡ್ ಬೈ, ವರ್ಡ್ ಆದರೆ ಟೋಟಲ್ ಎಡಿಟಿಂಗ್ ಟೈಮ್. ಹತ್ತು ಪುಟದ ವರದಿಗೆ ಎರಡು ನಿಮಿಷ ಎಂದು ಇದ್ದರೆ ವಿಚಾರಿಸಬೇಕು. ಆದರೆ ಎಲ್ಲ ಕಂಪ್ಯೂಟರಿಗೂ ಒಂದೇ “ಅಡ್ಮಿನ್” ಲಾಗಿನ್ ಇದ್ದರೆ ಆಥರ್ ಕಾಲಂ ನಿಷ್ಪ್ರಯೋಜಕ, ಆದ್ದರಿಂದ ಪ್ರತಿಯೊಬ್ಬರಿಗೂ ರೋಲ್ ನಂಬರಿನ ಬೇರೆ ಯೂಸರ್ ಮಾಡಿಕೊಡಬೇಕು. ರಾತ್ರಿ ಮೇನ್ ಆಫ್ ಮಾಡುವ ಲ್ಯಾಬಿನಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಬೆಳಿಗ್ಗೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಪ್ರಾಮಾಣಿಕವಾಗಿ ಮಾಡಿದ ಫೈಲಿಗೂ ತಪ್ಪು ತಾರೀಕು ಬೀಳುತ್ತದೆ, ಪರೀಕ್ಷಕರಿಗೆ ಅನುಮಾನ ಬರುತ್ತದೆ. ಸೆಲ್ ಬದಲಿಸುವುದು ಐದು ನಿಮಿಷದ ಕೆಲಸ.

ಕನ್ನಡದ ಫೈಲುಗಳಿಗೆ ಇನ್ನೊಂದು ಅಪಾಯ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡಿನಲ್ಲೇ ಮಾಡಿಸಿ, ಪಿಡಿಎಫ್ ಪ್ರತಿ ಜೊತೆಗಿಡಿ. ಮೈಎಸ್‌ಕ್ಯುಎಲ್ ಟೇಬಲ್‌ನ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಇರಲಿ, ಕನ್ನಡ ಹಿಡಿಸದ ಲ್ಯಾಟಿನ್1 ಇದ್ದರೆ ರೈತರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರಬಹುದು.

ಈಗ ಮಾಡರೇಷನ್. ನಮ್ಮಲ್ಲಿ ಇರುವುದು ಇಷ್ಟು: ಪ್ರಾಕ್ಟಿಕಲ್ ಅಂಕ ಕೊಡುವ ಮುಂಚೆ ಹೊರಗಿನ ಪರೀಕ್ಷಕರು ತರಬೇತಿಯವರ ಪ್ರೊಫೈಲ್ ನೋಡಬೇಕು, ಮತ್ತು ಫಾರ್ಮೇಟಿವ್ ದಾಖಲೆಗಳನ್ನು ಮುಂದಿನ ಪರೀಕ್ಷೆಯವರೆಗೆ ತಪಾಸಣೆಗಾಗಿ ಇಟ್ಟಿರಬೇಕು. ಎರಡೂ ಒಳ್ಳೆಯ ನಿಯಮಗಳು. ಆದರೆ ಒಂದು ಯೂನಿಟ್ ಅಂದರೆ 24 ಮಂದಿ. ಪರೀಕ್ಷೆಯ ದಿನದ ಗಡಿಬಿಡಿಯಲ್ಲಿ ಅಷ್ಟೂ ಜನರ ವರ್ಷದ ಕೆಲಸ ತೂಗಲು ಯಾರಿಂದಲೂ ಆಗದು. ಆ ಹೊತ್ತಿಗೆ ತಪ್ಪು ಕಂಡರೂ ತಿದ್ದಿಕೊಳ್ಳಲು ವಿದ್ಯಾರ್ಥಿಗೆ ಸಮಯ ಉಳಿದಿರುವುದಿಲ್ಲ.

ಬ್ರಿಟನ್ನಿನ ಕಂಪ್ಯೂಟಿಂಗ್ ವೃತ್ತಿ ಕೋರ್ಸುಗಳಲ್ಲಿ ಇದೇ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಓಸಿಆರ್ ಮಂಡಳಿಯ ಕೇಂಬ್ರಿಡ್ಜ್ ನ್ಯಾಷನಲ್ಸ್‌ನಲ್ಲಿ ಶಾಲೆಯೇ ಅಂಕ ಹಾಕಿ ಕಳಿಸುತ್ತದೆ, ಮಂಡಳಿ ಸ್ಯಾಂಪಲ್ ಆರಿಸಿ ಕೇಳುತ್ತದೆ, ಮಾಡರೇಟರ್ ಅದನ್ನು ಮರುಪರಿಶೀಲಿಸುತ್ತಾರೆ. ವ್ಯತ್ಯಾಸ ಒಪ್ಪಿತ ಮಿತಿಯೊಳಗಿದ್ದರೆ ಅಂಕ ಹಾಗೇ ನಿಲ್ಲುತ್ತದೆ. ಮಿತಿ ಮೀರಿದರೆ ಸ್ಯಾಂಪಲ್‌ನಲ್ಲಿದ್ದವರದ್ದಷ್ಟೇ ಅಲ್ಲ, ಉಳಿದವರ ಅಂಕವೂ ಸರಿಹೊಂದುತ್ತದೆ. ಪಿಯರ್ಸನ್‌ನ ಬಿಟಿಇಸಿ ಕೋರ್ಸುಗಳದ್ದು ಇನ್ನೊಂದು ದಾರಿ (ನಮ್ಮ ಎಂಜಿನಿಯರಿಂಗ್ ಬಿ.ಟೆಕ್‌ಗೂ ಅದಕ್ಕೂ ಸಂಬಂಧವಿಲ್ಲ). ಅಲ್ಲಿ ಅಸೈನ್‌ಮೆಂಟ್ ವಿದ್ಯಾರ್ಥಿಯ ಕೈಗೆ ಹೋಗುವ ಮೊದಲೇ ಇಂಟರ್ನಲ್ ವೆರಿಫೈಯರ್ ಅದನ್ನು ಓದಿ ಒಪ್ಪಬೇಕು. ಗ್ರೇಡ್ ಕೊಟ್ಟ ಮೇಲೆ ಸ್ಯಾಂಪಲ್ ನೋಡಬೇಕು. ಬಿಟಿಇಸಿ ನ್ಯಾಷನಲ್ಸ್‌ನಲ್ಲಿ ಲೀಡ್ ವೆರಿಫೈಯರ್ ಒಪ್ಪಿದರೆ 15 ಕೆಲಸದ ದಿನಗಳೊಳಗೆ ಒಂದು ಸಲ ತಿದ್ದಿ ಕೊಡಲು ಅವಕಾಶ.

ಇದರಲ್ಲಿ ನಮ್ಮ ಸಂಸ್ಥೆಗಳು ನಾಳೆಯಿಂದಲೇ ಶುರು ಮಾಡಬಹುದಾದದ್ದು ಬಹಳವಿದೆ, ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಪ್ರತಿ ಕಲಿಕಾ ಫಲಿತ ಮುಗಿದಾಗ ಐದು ಮಂದಿಯ ಕೆಲಸದ ಕಡತ, ಅಂದರೆ ಪೋರ್ಟ್‌ಫೋಲಿಯೊ ಆರಿಸಿ: ಅತಿ ಹೆಚ್ಚು ಅಂಕದ್ದು, ಅತಿ ಕಡಿಮೆಯದ್ದು, ನಡುವಿನದ್ದು, 60ರ ಗಡಿಯ ಅಕ್ಕಪಕ್ಕದ ಎರಡು. ಹಾಕಿದ ಅಂಕ ಮುಚ್ಚಿ ಇನ್ನೊಬ್ಬ ಜೆಟಿಒ ಕೈಗೆ ಕೊಡಿ. ನೂರಕ್ಕೆ ಐದಕ್ಕಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಕೂತು ಯಾವ ಕಾಲಂನಲ್ಲಿ ಬಂತು ಎಂದು ಹುಡುಕಬೇಕು, ಇಡೀ ಬ್ಯಾಚಿನ ಆ ಕಾಲಂ ಮತ್ತೆ ನೋಡಬೇಕು. ಒಬ್ಬರೇ ಕೋಪಾ ಜೆಟಿಒ ಇರುವ ಊರಲ್ಲಿ ಹತ್ತಿರದ ತಾಲ್ಲೂಕಿನವರೊಂದಿಗೆ ಸ್ಕ್ಯಾನ್ ಪ್ರತಿ ಮತ್ತು ಫೈಲು ಅದಲುಬದಲು ಮಾಡಿಕೊಳ್ಳಬಹುದು. ಸಾಗರ–ಹೊಸನಗರ, ಶಿವಮೊಗ್ಗ–ಭದ್ರಾವತಿ ದೂರವೇನಲ್ಲ.

ಗ್ರೂಪ್ ಪ್ರಾಜೆಕ್ಟಿನಲ್ಲಿ ನಾಲ್ವರಿಗೂ ಒಂದೇ ಅಂಕ ಹಾಕುವುದು ಅನ್ಯಾಯ. ಸಣ್ಣ ಊರುಗಳಲ್ಲಿ ಆನ್ ದ ಜಾಬ್ ಟ್ರೈನಿಂಗ್‌ಗೆ ಸಹಕಾರ ಸಂಘ, ಗ್ರಾಮ ಒನ್ ಕೇಂದ್ರ ಬಿಟ್ಟರೆ ಜಾಗ ಕಡಿಮೆ, ಹಾಗಾಗಿ ಪ್ರಾಜೆಕ್ಟೇ ಹೆಚ್ಚು. ಪ್ರತಿಯೊಬ್ಬರಿಂದಲೂ ಎದುರಿಗೇ ಒಂದು ಬದಲಾವಣೆ ಮಾಡಿಸಿ: ಫಾರ್ಮಿಗೆ ಮೊಬೈಲ್ ನಂಬರಿನ ಹತ್ತಂಕಿ ಪರೀಕ್ಷೆ ಸೇರಿಸು, ಟೇಬಲ್‌ಗೆ ಒಂದು ಕಾಲಂ ಹಾಕು. ಹತ್ತು ನಿಮಿಷ ಸಾಕು.

ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವೇಳಾಪಟ್ಟಿ ಮಲೆನಾಡಿನಲ್ಲಿ ನಡೆಯದು. ವರ್ಷದ ಕೊನೆಯ ಜಾಬುಗಳು ಬೀಳುವುದು ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ. ತೀರ್ಥಹಳ್ಳಿ, ಹೊಸನಗರ ಕಡೆ ಆಗ ಕರೆಂಟಿನ ನಂಬಿಕೆ ಇಲ್ಲ, ಒಳಹಳ್ಳಿಯ ಬಸ್ಸಿನದೂ ಇಲ್ಲ. ಡೇಟಾಬೇಸ್, ಪೈಥಾನ್ ಜಾಬುಗಳ ಅಂಕವನ್ನು ಮೇ ಒಳಗೆ ಮುಗಿಸಬೇಕು. ಆಫೀಸ್ ತಂತ್ರಾಂಶದ ಆಟೋ ರಿಕವರಿ ಹತ್ತು ನಿಮಿಷಕ್ಕೆ ಇರುತ್ತದೆ, ಎರಡಕ್ಕೆ ಇಳಿಸಿ. ಬಸ್ ಬಾರದ ದಿನದ ಗೈರಿಗೆ ಹಾಜರಾತಿ ಕಾಲಂ ಪಕ್ಕ ಕಾರಣ ಬರೆದಿಡಿ, ಏಕೆಂದರೆ ಆ ಹತ್ತು ಅಂಕ ಪೇಟೆಯ ಮಕ್ಕಳಿಗೆ ಸಲೀಸು, ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಊರುಗಳ ಕಡೆಯವರಿಗಲ್ಲ. ಇಂಕ್‌ಜೆಟ್ ಪ್ರಿಂಟು ಥಂಡಿಗೆ ಹರಡುತ್ತದೆ, ರೆಕಾರ್ಡಿಗೆ ಲೇಸರ್ ಪ್ರಿಂಟೇ ಇರಲಿ. ಗೋಡೆಗೆ ಒತ್ತಿದ ಬೀರುವಿನ ಕೆಳ ಅರೆಯಲ್ಲಿಟ್ಟ ಪುಸ್ತಕಕ್ಕೆ ಆಗಸ್ಟ್ ಒಳಗೆ ಬೂಷ್ಟು ಬರುತ್ತದೆ.

ಸೇರುವ ಮುನ್ನ ಪೋಷಕರು ಕೇಳಬೇಕಾದದ್ದು ಮೂರೇ. ಕಳೆದ ಬ್ಯಾಚಿನ ಒಂದು ಪೋರ್ಟ್‌ಫೋಲಿಯೊ ಹೆಸರು ಮುಚ್ಚಿ ತೋರಿಸುತ್ತೀರಾ? ಅಂಕವನ್ನು ಎರಡನೆಯವರು ನೋಡುತ್ತಾರಾ? ಕಡಿಮೆ ಬಂದರೆ ತಿದ್ದಿ ಕೊಡಲು ಎಷ್ಟು ದಿನ ಕೊಡುತ್ತೀರಿ? ಸೇರಿದ ಮೇಲೆ ವಿದ್ಯಾರ್ಥಿ ತನ್ನ ಫೈಲುಗಳ ಪ್ರತಿಯನ್ನು, ಡೇಟಾಬೇಸಿನ ಎಕ್ಸ್‌ಪೋರ್ಟ್ ಸಮೇತ, ತಿಂಗಳಿಗೊಮ್ಮೆ ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಕು. ದಾಖಲೆ ಇಡುವ ಹೊಣೆ ಸಂಸ್ಥೆಗೆ ಪರೀಕ್ಷೆಯವರೆಗೆ ಮಾತ್ರ. ಕೆಲಸದ ಸಂದರ್ಶನ ಬರುವುದು ಅದರ ನಂತರ.