ಎಡಿ-ಮಿಕ್ಸ್: ಶಾರ್ಪ್‌ಲೆಸ್ ಅವರ ದಶಕದ ಶ್ರಮ ತುಂಬಿದ ಬಾಟಲಿ

ಸಾವಯವ ಸಂಶ್ಲೇಷಣೆಗೆಂದು ಸಿದ್ಧ ಮಿಶ್ರಣವಾಗಿ ಮಾರಾಟವಾಗುವ ರಾಸಾಯನಿಕಗಳಲ್ಲಿ ಎಡಿ-ಮಿಕ್ಸ್‌ನಷ್ಟು ನಂಬಿಕೆಯಿಂದ ನಾನು ಕೈಗೆತ್ತಿಕೊಳ್ಳುವ ವಸ್ತು ಇನ್ನೊಂದಿಲ್ಲ. ಆಲ್ಫಾ, ಬೀಟಾ ಎಂಬ ಎರಡು ರೂಪಗಳಲ್ಲಿ ಸಿಗುವ ಈ ಕಿತ್ತಳೆ ಬಣ್ಣದ ಪುಡಿಯು ಆಲ್ಕೀನ್‌ನ (ಇಂಗಾಲ-ಇಂಗಾಲ ದ್ವಿಬಂಧವಿರುವ ಅಣುವಿನ) ದ್ವಿಬಂಧದ ಮೇಲೆ ಎರಡು ಹೈಡ್ರಾಕ್ಸಿಲ್ (OH) ಗುಂಪುಗಳನ್ನು ಒಂದೇ ಮಗ್ಗುಲಿನಿಂದ ಕೂರಿಸುತ್ತದೆ. ಅದು ಯಾವ ಮಗ್ಗುಲು ಎಂಬುದು ನಾವು ಯಾವ ಬಾಟಲಿಯನ್ನು ತೆರೆದೆವು ಎಂಬುದರ ಮೇಲೆ ನಿಂತಿದೆ; ಮಗ್ಗುಲು ಬದಲಾದರೆ ಒಂದಕ್ಕೊಂದು ಕನ್ನಡಿಬಿಂಬದಂತಿರುವ ಎರಡು ರೂಪಗಳಲ್ಲಿ ಇನ್ನೊಂದು ಸಿಗುತ್ತದೆ.

ಅಮೆರಿಕದ ರಸಾಯನಶಾಸ್ತ್ರಜ್ಞ ಕೆ. ಬ್ಯಾರಿ ಶಾರ್ಪ್‌ಲೆಸ್ ಅವರು 1980ರಲ್ಲಿ ಸಹೋದ್ಯೋಗಿ ಕಟ್ಸುಕಿ ಅವರೊಡನೆ ಪ್ರಕಟಿಸಿದ ಟೈಟಾನಿಯಂ-ಟಾರ್ಟ್ರೇಟ್ ಎಪಾಕ್ಸಿಡೀಕರಣ (ದ್ವಿಬಂಧಕ್ಕೆ ಒಂದು ಆಮ್ಲಜನಕವನ್ನು ಉಂಗುರದಂತೆ ಜೋಡಿಸುವ ಕ್ರಿಯೆ) ಅಪಾರ ಹೆಸರು ತಂದುಕೊಟ್ಟಿತಾದರೂ, ಅದಕ್ಕೆ ದ್ವಿಬಂಧದ ಪಕ್ಕದಲ್ಲಿ ಆಲ್ಕೋಹಾಲ್ ಗುಂಪು ಇರಲೇಬೇಕಿತ್ತು. ಅದೇ ವರ್ಷ ಅವರ ತಂಡ ಸಿಂಕೋನಾ ತೊಗಟೆಯ ಆಲ್ಕಲಾಯ್ಡ್‌ಗಳಿಂದ ಪಡೆದ ಲಿಗ್ಯಾಂಡ್‌ಗಳನ್ನು (ಲೋಹಕ್ಕೆ ಅಂಟಿಕೊಂಡು ಅದರ ಕ್ರಿಯೆಯನ್ನು ತಿದ್ದುವ ಅಣುಗಳನ್ನು) ಆಸ್ಮಿಯಂ ಟೆಟ್ರಾಕ್ಸೈಡ್ ಜೊತೆ ಬಳಸಿ ಸಾಮಾನ್ಯ ಆಲ್ಕೀನ್‌ಗಳ ಮೇಲೂ ಕೈಯಾಡಿಸಿತು. ಆದರೆ ದುಬಾರಿಯೂ ವಿಷಕಾರಿಯೂ ಆದ ಆಸ್ಮಿಯಂ ಆಲ್ಕೀನ್‌ನಷ್ಟೇ ಪ್ರಮಾಣದಲ್ಲಿ ಖರ್ಚಾಗುತ್ತಿತ್ತು. ಅದನ್ನು ವೇಗವರ್ಧಕದ ಪ್ರಮಾಣಕ್ಕೆ ಇಳಿಸಿದ ವರದಿ ಬಂದದ್ದು 1988ರಲ್ಲಿ. ಅವರು ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಗೆ ಬಂದ ಮೇಲೆ, 1992ರಲ್ಲಿ, ಥಾಲಜೀನ್ ಲಿಗ್ಯಾಂಡ್‌ಗಳೂ ಈ ಮಿಶ್ರಣದ ಅಳತೆಯೂ ಪ್ರಕಟವಾದವು. 2001ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಭಾಗ ಅವರಿಗೆ ಸಂದದ್ದು ಇಂಥ ಆಕ್ಸಿಡೀಕರಣ ಕ್ರಿಯೆಗಳಿಗಾಗಿಯೇ.

ಬಾಟಲಿಯ ಒಳಗಿನ ಲೆಕ್ಕವನ್ನು ನೋಡಿದಾಗ ನನಗೆ ಈಗಲೂ ಬೆರಗಾಗುತ್ತದೆ. ಒಂದು ಮಿಲಿಮೋಲ್ ಆಲ್ಕೀನ್‌ಗೆ ಬೇಕಾಗುವ 1.4 ಗ್ರಾಂ ಪುಡಿಯಲ್ಲಿ ಪೊಟ್ಯಾಸಿಯಂ ಫೆರಿಸೈನೈಡ್ ಸುಮಾರು 0.98 ಗ್ರಾಂ, ಪೊಟ್ಯಾಸಿಯಂ ಕಾರ್ಬೊನೇಟ್ 0.41 ಗ್ರಾಂ, ಲಿಗ್ಯಾಂಡ್ 8 ಮಿಲಿಗ್ರಾಂಗೂ ಕಡಿಮೆ, ಆಸ್ಮಿಯಂ ಲವಣವಂತೂ ಬರೀ ಒಂದೂವರೆ ಮಿಲಿಗ್ರಾಂ. ಆವಿಯಾಗಿ ಕಣ್ಣಿಗೂ ಶ್ವಾಸಕ್ಕೂ ಅಪಾಯ ತರುವ ಟೆಟ್ರಾಕ್ಸೈಡ್‌ನ ಬದಲು ಆವಿಯಾಗದ ಆಸ್ಮೇಟ್ ಲವಣವನ್ನು ಹಾಕಿರುವುದರಿಂದ ಹೊಸ ವಿದ್ಯಾರ್ಥಿಯೂ ಇದನ್ನು ತೂಗಬಲ್ಲ. ಹಾಗೆಂದು ಸಲುಗೆ ಬೇಡ: ಕ್ರಿಯೆ ನಡೆಯುವಾಗ ಫ್ಲಾಸ್ಕಿನೊಳಗೆ ಟೆಟ್ರಾಕ್ಸೈಡ್ ಹುಟ್ಟುತ್ತದೆ, ಆದ್ದರಿಂದ ಫ್ಯೂಮ್ ಹುಡ್ ಬೇಕೇ ಬೇಕು, ಫೆರಿಸೈನೈಡ್ ಇರುವ ತ್ಯಾಜ್ಯಕ್ಕೆ ಪ್ರಬಲ ಆಮ್ಲ ಸೋಕಲೇಬಾರದು. ಶಾರ್ಪ್‌ಲೆಸ್ ಅವರೇ 1970ರಲ್ಲಿ ಎಂಐಟಿಯಲ್ಲಿ ಸುರಕ್ಷತಾ ಕನ್ನಡಕವಿಲ್ಲದೆ ನಿಂತಿದ್ದಾಗ ಎನ್‌ಎಂಆರ್ (ಅಣುರಚನೆ ತಿಳಿಯುವ ಪರೀಕ್ಷೆ) ನಳಿಕೆ ಸಿಡಿದು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವರು, ಮತ್ತು ಅದನ್ನು ಮುಚ್ಚಿಡದೆ ಕಿರಿಯರಿಗೆ ಹೇಳಿದವರು.

ಬಳಕೆ ಸರಳ. ಟರ್ಷಿಯರಿ ಬ್ಯೂಟನಾಲ್ ಮತ್ತು ನೀರು ತಲಾ 5 ಮಿಲಿಲೀಟರ್ ಹಾಕಿ ಪುಡಿಯನ್ನು ಕಲಕಿದರೆ ಎರಡು ತಿಳಿ ಪದರಗಳಾಗುತ್ತವೆ, ಕೆಳಗಿನದು ಗಾಢ ಹಳದಿ. ಮಂಜುಗಡ್ಡೆಯಲ್ಲಿಟ್ಟು ತಣಿಸಿ ಆಲ್ಕೀನ್ ಸೇರಿಸಿ, ಜೋರಾಗಿ ಕಲಕುತ್ತಿರಬೇಕು. ಆಲ್ಕೀನ್ ಕೊನೆತುದಿಯದ್ದಲ್ಲದಿದ್ದರೆ ಮೀಥೇನ್‌ಸಲ್ಫೋನಮೈಡ್ ಸೇರಿಸುವುದನ್ನು ಮರೆಯಬಾರದು. ಆಸ್ಮೇಟ್ ಎಸ್ಟರ್ (ಆಸ್ಮಿಯಂ ಆಲ್ಕೀನ್‌ಗೆ ಅಂಟಿದ ನಡುವಣ ಹಂತದ ವಸ್ತು) ಬೇಗ ಒಡೆಯುವಂತೆ ಮಾಡುವುದು ಅದೇ. ಕೊನೆಗೆ ಸೋಡಿಯಂ ಸಲ್ಫೈಟ್ ಹಾಕಿ ಕ್ರಿಯೆಯನ್ನು ನಿಲ್ಲಿಸಿ, ಈಥೈಲ್ ಅಸಿಟೇಟ್‌ನಿಂದ ಡಯಾಲನ್ನು (ಎರಡು ಹೈಡ್ರಾಕ್ಸಿಲ್ ಇರುವ ಉತ್ಪನ್ನವನ್ನು) ಹೊರತೆಗೆಯಬಹುದು. ಒಣ ದ್ರಾವಕವಾಗಲಿ ಆರ್ಗಾನ್ ಆಗಲಿ ಬೇಕಿಲ್ಲ. ಟ್ರಾನ್ಸ್-ಸ್ಟಿಲ್ಬೀನ್ ಜೊತೆ ಬೀಟಾ ಮಿಶ್ರಣ ಬಳಸಿದರೆ ದೊರೆಯುವ ಆರ್‌,ಆರ್‌-ಹೈಡ್ರೋಬೆಂಜೋಯಿನ್‌ನಲ್ಲಿ ಕನ್ನಡಿಬಿಂಬ ರೂಪ ಇಲ್ಲವೆಂಬಷ್ಟು ಕಡಿಮೆ.

ಕೊರತೆಗಳೂ ಸಣ್ಣವಲ್ಲ. ಸಿಸ್ ಆಲ್ಕೀನ್‌ಗಳಲ್ಲಿ (ದ್ವಿಬಂಧದ ಒಂದೇ ಬದಿಗೆ ಗುಂಪುಗಳಿರುವಂಥವುಗಳಲ್ಲಿ) ಆಯ್ಕೆಯ ನಿಖರತೆ ಸೊರಗುತ್ತದೆ, ಅಲ್ಲಿ ಬೇರೆ ಲಿಗ್ಯಾಂಡ್ ಹುಡುಕಬೇಕು. ಎಲೆಕ್ಟ್ರಾನ್ ಕೊರತೆಯ ಆಲ್ಕೀನ್‌ಗಳಲ್ಲಿ ಕ್ರಿಯೆ ತೆವಳುತ್ತದೆ. ಅವಕ್ಕೆ ಆಸ್ಮಿಯಂ ಲವಣವನ್ನೂ ಲಿಗ್ಯಾಂಡನ್ನೂ ಪ್ರತ್ಯೇಕವಾಗಿ ಹೆಚ್ಚಿಸುವುದು ವಾಡಿಕೆ. ಒಂದು ಮೋಲ್ ಆಲ್ಕೀನ್‌ಗೆ 1.4 ಕಿಲೋಗ್ರಾಂ ಪುಡಿ ಎಂದಮೇಲೆ ಉಳಿಯುವ ಕಬ್ಬಿಣದ ಲವಣದ ರಾಶಿಯೂ ದೊಡ್ಡದೇ, ಹಾಗಾಗಿ ಕಾರ್ಖಾನೆಯ ಪ್ರಮಾಣಕ್ಕೆ ಇದನ್ನು ನಾನು ಶಿಫಾರಸು ಮಾಡಲಾರೆ. ಸಿದ್ಧ ಮಿಶ್ರಣದ ಬೆಲೆಯೂ ಹಗುರವಲ್ಲ. ಗ್ರಾಂ ಮಟ್ಟದ ಕೆಲಸಕ್ಕೆ, ಅದರಲ್ಲೂ ಯಾವ ರೂಪ ಬೇಕೆಂದು ಇನ್ನೂ ಗೊತ್ತಾಗದಿರುವಾಗ, ಎರಡೂ ಬಾಟಲಿಗಳ ಚಿಕ್ಕ ಪ್ಯಾಕ್ ಕೊಳ್ಳುವುದು ಒಳ್ಳೆಯದು. ಮೇಲಿಂದ ಮೇಲೆ ಬಳಸುವವರು ನಾಲ್ಕೂ ಘಟಕಗಳನ್ನು ಬೇರೆಬೇರೆಯಾಗಿ ತರಿಸಿ ತಾವೇ ತೂಗಿಕೊಂಡರೆ ಖರ್ಚೂ ಇಳಿಯುತ್ತದೆ, ಆಸ್ಮಿಯಂನ ಪ್ರಮಾಣವೂ ಕೈಯಲ್ಲಿರುತ್ತದೆ.